ಒಡಲ ಕೂಸು, ತಾಯಿಯ ಮನಸ್ಸು



ಜಪಸರದ ಸಂತೋಷದ ದೇವರಹಸ್ಯಗಳಲ್ಲಿ ಎರಡನೆಯದು ನಿಮಗೆ ಬಾಯಿಪಾಠವೇ. ಮಾತೆ ಮರಿಯಮ್ಮನವರ ವಂದನೆ ಕಿವಿಗೆ ಬಿದ್ದೊಡನೆ ಎಲಿಜಬೇತಮ್ಮನವರ ಗರ್ಭದಲ್ಲಿದ್ದ ಶಿಶು ನಲಿದಾಡಿತೆಂದು ಸಂತ ಲೂಕರು ಬರೆಯುತ್ತಾರೆ. ಆಗ ಎಲಿಜಬೇತಮ್ಮನವರಿಗೆ ಆರು ತಿಂಗಳು. ಒಡಲ ಕೂಸಿಗೆ ಹೊರಗಿನ ದನಿ ಕೇಳತೊಡಗುವುದೂ ಹೆಚ್ಚುಕಡಿಮೆ ಆ ದಿನಗಳಲ್ಲೇ ಎನ್ನುತ್ತಾರೆ ವೈದ್ಯರು.

ನಮ್ಮ ಜವನಗೊಂಡನಹಳ್ಳಿಯ ಕಡೆ ಗ್ರಹಣದ ದಿನ ಬಸುರಿಯನ್ನು ಹೊರಗೆ ಬಿಡುವುದಿಲ್ಲ. ಗ್ರಹಣದಿಂದ ಕೂಸಿಗೆ ಏನೂ ಆಗದು. ಆದರೆ "ಈ ಸಲ ಗಂಡೇ ಆಗಬೇಕು" ಎಂಬ ಅತ್ತೆಯ ಮಾತು, ಕುಡಿದು ಬಂದ ಗಂಡನ ಹೊಡೆತ, ತೀರದ ಸಾಲದ ಚಿಂತೆ? ಇವು ಮನೆಯೊಳಗೇ ಇರುತ್ತವೆ, ಇವುಗಳಿಂದ ಅವಳನ್ನು ಯಾರೂ ಕಾಯುವುದಿಲ್ಲ.

ಭಯ, ಕೊರಗು ಇದ್ದಾಗ ತಾಯಿಯ ರಕ್ತಕ್ಕೆ ಕಾರ್ಟಿಸಾಲ್ ಎಂಬ ರಸ ಸೇರುತ್ತದೆ. ಕೂಸಿನ ಮೆದುಳು ಬೆಳೆಯಲು ಅದು ಸ್ವಲ್ಪ ಬೇಕು, ಅತಿಯಾದರೆ ಕೇಡು. ಅದಕ್ಕೇ ಮಾಸು ಅದರ ಬಹುಪಾಲನ್ನು ತಡೆದು ಶಕ್ತಿಗುಂದಿಸುತ್ತದೆ. ದೇವರು ಇಟ್ಟ ಕಾವಲುಗಾರ! ಕೊರಗು ತಿಂಗಳುಗಟ್ಟಲೆ ನಿಂತರೆ ಈ ಕಾವಲು ಸಡಿಲವಾಗಬಹುದು. ಜೊತೆಗೆ ಮನಸ್ಸು ಕುಸಿದವಳು ಸರಿಯಾಗಿ ಉಣ್ಣುವುದಿಲ್ಲ, ನಿದ್ರಿಸುವುದಿಲ್ಲ, ತಪಾಸಣೆಗೂ ಹೋಗುವುದಿಲ್ಲ.

1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಮಂಜುಗಡ್ಡೆಯ ಮಳೆ ಸುರಿದು, ಲಕ್ಷಾಂತರ ಜನ ಕೊರೆಯುವ ಚಳಿಯಲ್ಲಿ ವಿದ್ಯುತ್ತಿಲ್ಲದೆ ಕಳೆದರು. ಆಗ ಗರ್ಭಿಣಿಯರಾಗಿದ್ದವರ ಮಕ್ಕಳನ್ನು ಐದೂವರೆ ವರ್ಷದಲ್ಲಿ ಪರೀಕ್ಷಿಸಿದಾಗ, ಹೆಚ್ಚು ಕಷ್ಟಪಟ್ಟ ತಾಯಂದಿರ ಮಕ್ಕಳು ಭಾಷೆ ಮತ್ತು ಬುದ್ಧಿಯ ಪರೀಕ್ಷೆಗಳಲ್ಲಿ ತುಸು ಹಿಂದಿದ್ದರು.

ಇದನ್ನು ಓದುತ್ತಿರುವ ಬಸುರಿ ಹೆಣ್ಣುಮಗಳೇ, ಗಾಬರಿಯಾಗಬೇಡಮ್ಮ. ಒಂದು ದಿನ ಅತ್ತರೆ ಕೂಸು ಕೆಡುವುದಿಲ್ಲ. ತುಂಬಾ ಆತಂಕಪಟ್ಟ ತಾಯಂದಿರ ಮಕ್ಕಳಲ್ಲೂ ಹೆಚ್ಚಿನವರು ಚೆನ್ನಾಗಿಯೇ ಬೆಳೆಯುತ್ತಾರೆ. ತಪ್ಪು ನಿನ್ನದೂ ಅಲ್ಲ. ನನ್ನ ಮಾತು ಹೆಚ್ಚಾಗಿ ಗಂಡಂದಿರಿಗೆ, ಅತ್ತೆಯಂದಿರಿಗೆ.

"ಜಪ ಮಾಡು, ಎಲ್ಲಾ ಸರಿಹೋಗುತ್ತೆ" ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಮರಿಯಮ್ಮನವರು ಸ್ತುತಿಗೀತೆ ಹಾಡಿ ಹಿಂದಿರುಗಲಿಲ್ಲ, ಸುಮಾರು ಮೂರು ತಿಂಗಳು ಅಲ್ಲೇ ಉಳಿದರು. ಪಾಕಿಸ್ತಾನದ ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ಖಿನ್ನತೆಯಿದ್ದ ಬಸುರಿಯರ ಮನೆಗೆ ಕಳಿಸಿ ಮಾತನಾಡಿಸಿದರು. ಹೆರಿಗೆಯಾಗಿ ಆರು ತಿಂಗಳಿಗೆ ಅವರಲ್ಲಿ ಖಿನ್ನತೆ ಉಳಿದದ್ದು ನೂರಕ್ಕೆ 23 ಮಂದಿಗೆ. ಆ ಬಗೆಯ ಆರೈಕೆ ಸಿಗದವರಲ್ಲಿ 53 ಮಂದಿಗೆ. ಇದು 2008ರಲ್ಲಿ ಪ್ರಕಟವಾಯಿತು. ನಮ್ಮಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಅಗಲಿಸದೆ ಒಟ್ಟಿಗೇ ನೋಡಿಕೊಳ್ಳುವ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮನಸ್ಸಿನ ಕಾಯಿಲೆಗೆ ಮೊದಲೇ ಮಾತ್ರೆ ನುಂಗುತ್ತಿದ್ದವರು ಬಸುರಾದರೆಂದು ತಾವಾಗಿಯೇ ನಿಲ್ಲಿಸಬಾರದು, ವೈದ್ಯರನ್ನು ಕೇಳಬೇಕು.

ಬರುವ ಭಾನುವಾರ ಪೂಜೆ ಮುಗಿದ ಮೇಲೆ ಬಸುರಿ ಇರುವ ಮನೆಗೆ ಹೋಗಿ ಕುಳಿತುಕೊಳ್ಳಿ. "ಎಷ್ಟು ತಿಂಗಳು?" ಎಂದು ಎಲ್ಲರೂ ಕೇಳುತ್ತಾರೆ. ನೀವು "ರಾತ್ರಿ ನಿದ್ದೆ ಬರುತ್ತಾ, ತಾಯಿ?" ಎಂದು ಕೇಳಿ. ಬದುಕೇ ಬೇಡ ಎನಿಸಿದೆಯೆಂದು ಅವಳು ಹೇಳಿದರೆ ಒಂಟಿಯಾಗಿ ಬಿಡಬೇಡಿ, ಅಂದೇ ಹಿರಿಯೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.