ಘಾಟ್ ನೋಡಬೇಕೆ? ಇಳಿಯುವ ಮೊದಲು ಹತ್ತಿ
ವಿಜಯಪುರದಿಂದ ಅಂಬೋಲಿಗೆ ಸೈಕಲ್, ಬೈಕ್ ಹಾಗೂ ಕಾಲ್ನಡಿಗೆಯ ಕೈಪಿಡಿ

ವಿಜಯಪುರದ ಜೋರಾಪುರ ಪೇಟೆಯಿಂದ ಹೊರಟು ತಿಕೋಟಾ, ಅಥಣಿ, ಚಿಕ್ಕೋಡಿ, ಸಂಕೇಶ್ವರ, ಗಡಹಿಂಗ್ಲಜ, ಆಜರಾ ದಾಟಿದರೆ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಆಚೆ ಅಂಬೋಲಿ ಸಿಗುತ್ತದೆ. ಇಷ್ಟು ದೂರ ಹೋದರೂ ಏರಿದ ಎತ್ತರ ನೂರು ಮೀಟರಿನ ಆಸುಪಾಸು ಮಾತ್ರ. ವಿಜಯಪುರ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ, ಅಂಬೋಲಿ ಸುಮಾರು 690 ಮೀಟರ್ ಎತ್ತರದಲ್ಲಿ. ಕೊಂಕಣದವರಿಗೆ ಘಾಟ್ ಎಂದರೆ ಏರು. ನಮಗೆ ಅದು ನಾವು ಬಾಳುವ ಪ್ರಸ್ಥಭೂಮಿ ಮುಗಿಯುವ ಅಂಚು. ಅಂಚಿಗೆ ಬಂದ ಬಯಲುಸೀಮೆಯ ಸವಾರನ ಮುಂದೆ ರಸ್ತೆ ಒಮ್ಮೆಲೇ ಕೆಳಗೆ ಜಾರುತ್ತದೆ. ತುಳಿಯದೆಯೇ ಓಡುವ ಸೈಕಲ್ಲಿನ ಆಸೆಗೆ ಬಿದ್ದು ಆತ ಇಳಿದುಬಿಡುತ್ತಾನೆ. ಮೊದಲ ಘಾಟ್ ಪ್ರವಾಸದ ದೊಡ್ಡ ಅಪಾಯ ಇರುವುದೇ ಇಲ್ಲಿ. ಮೇಲಿನ ಅಂಚನ್ನು ನಡೆದು ನೋಡಿ, ಘಾಟನ್ನು ಬುಡದಿಂದ ಹತ್ತಿ, ಇಳಿಯುವ ಮಾತನ್ನು ಕೊನೆಗಿಡಿ ಎಂಬುದು ಈ ಲೇಖನದ ಸಲಹೆ.

ಅಂಬೋಲಿಯೇ ಏಕೆ?

ವಿಜಯಪುರದ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 52 ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲಾ ಸೇರುತ್ತದೆ. ದಾರಿ ನೇರ, ಆದರೆ ಅದು ಸರಕು ಲಾರಿಗಳ ಹೆದ್ದಾರಿ, ಹೊಸಬರ ಸೈಕಲ್ಲಿಗೆ ತಕ್ಕುದಲ್ಲ. ಆಗುಂಬೆಯ 14 ತಿರುವುಗಳಲ್ಲಿ ಭಾರಿ ವಾಹನಗಳಿಗೆ ನಿರ್ಬಂಧವಿದೆ ನಿಜ, ಆದರೆ ನಮಗೆ ಅದು ದೂರ. ಎರಡನೇ ಪ್ರವಾಸಕ್ಕೆ ಇಟ್ಟುಕೊಳ್ಳಬಹುದು. ಅಂಬೋಲಿಗೆ ನಮ್ಮ ನೀರಿನ ನಂಟೂ ಇದೆ. ಅಲ್ಲಿ ಹುಟ್ಟುವ ಹಿರಣ್ಯಕೇಶಿ ಘಟಪ್ರಭೆಯನ್ನು ಕೂಡುತ್ತದೆ, ಘಟಪ್ರಭೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ, ಅದೇ ನೀರು ಆಲಮಟ್ಟಿ ಜಲಾಶಯದಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುಳವಾಡ ಏತ ನೀರಾವರಿಯ ಮೂಲಕ ಬಬಲೇಶ್ವರ ಭಾಗದ ಕೆರೆಗಳಿಗೆ ಹರಿಯುತ್ತದೆ. ಸಂಕೇಶ್ವರದಿಂದ ಮುಂದಿನ ಪಯಣ ಬಹುಪಾಲು ಹಿರಣ್ಯಕೇಶಿಯ ಕಣಿವೆಯಲ್ಲಿ ಸಾಗುವುದರಿಂದ, ನಮ್ಮ ಹೊಲಕ್ಕೆ ಬರುವ ನೀರಿನ ಮೂಲವನ್ನು ಹುಡುಕುತ್ತ ಹೋದಂತಾಗುತ್ತದೆ.

ಮೊದಲ ಹೆಜ್ಜೆ: ತಿಕೋಟಾ ಗಾಳಿಯಲ್ಲಿ ತಯಾರಿ

ಬಯಲಿನ ಕಾಲಿಗೆ ಘಾಟ್ ಹತ್ತಲಾಗದು ಎಂಬ ಆಕ್ಷೇಪ ಮೊದಲು ಬರುತ್ತದೆ. ನಮ್ಮಲ್ಲಿ ಏರು ಇಲ್ಲದಿರಬಹುದು, ಗಾಳಿಗೇನೂ ಕೊರತೆಯಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದಿಂದ ಬೀಸುವ ಮುಂಗಾರು ಗಾಳಿಗೆ ಎದುರಾಗಿ ಜೋರಾಪುರ ಪೇಟೆಯಿಂದ ತಿಕೋಟಾವರೆಗೆ ಸುಮಾರು 20 ಕಿ.ಮೀ. ತುಳಿದು ನೋಡಿ. ಗಂಟೆಗೆ 20 ಕಿ.ಮೀ. ವೇಗದ ಎದುರುಗಾಳಿಯಲ್ಲಿ ಅಷ್ಟೇ ವೇಗದಲ್ಲಿ ಸೈಕಲ್ ತುಳಿಯುವವರಿಗೆ ಗಾಳಿ ಒಡ್ಡುವ ತಡೆ, ಹೆಚ್ಚುಕಡಿಮೆ ಶೇ 4ರ ಏರಿನ ಎಳೆತಕ್ಕೆ ಸಮ. ಎದುರುಗಾಳಿ ಏರಿನಂತೆಯೇ ನಡುವೆ ಬಿಡುವು ಕೊಡುವುದಿಲ್ಲ, ಘಾಟಿಗೆ ಬೇಕಾದ ಅಭ್ಯಾಸವೂ ಅದೇ. ವಾರಕ್ಕೆ ಮೂರು ದಿನ, ಮೊದಲು ನಿಲ್ಲದೆ ತಿಕೋಟಾ ಮುಟ್ಟುವುದನ್ನು ರೂಢಿಸಿಕೊಳ್ಳಿ. ಆಮೇಲೆ ಪ್ರವಾಸಕ್ಕೆ ಒಯ್ಯುವ ಚೀಲವನ್ನು ಕಟ್ಟಿಕೊಂಡೇ ತುಳಿಯಿರಿ. ಬಬಲೇಶ್ವರದ ರಸ್ತೆಯೂ ಆದೀತು. ನಡಿಗೆಗೆ ಮೆಟ್ಟಿಲು ಹತ್ತಿಳಿಯುವ ಅಭ್ಯಾಸ ಸಾಕು. ಇಳಿಯುವುದನ್ನು ಬಿಡಬೇಡಿ, ಇಳಿಜಾರಿನಲ್ಲಿ ತೊಡೆ ನೋಯುವುದು ಆ ಅಭ್ಯಾಸ ಇಲ್ಲದವರಿಗೇ. ರಾಷ್ಟ್ರಮಟ್ಟದ ಸೈಕ್ಲಿಸ್ಟ್‌ಗಳನ್ನು ಕೊಟ್ಟ ಜಿಲ್ಲೆಯಲ್ಲಿ ‘ಬಯಲಿನ ಕಾಲು’ ಎಂಬ ನೆಪ ನಿಲ್ಲುವುದಿಲ್ಲ.

ಎರಡನೇ ಹೆಜ್ಜೆ: ಗೇರ್ ಮತ್ತು ಬ್ರೇಕ್

ಶೇ 5ರ ಏರೆಂದರೆ ನೂರು ಮೀಟರಿಗೆ ಐದು ಮೀಟರ್ ಎತ್ತರ. ಆ ಲೆಕ್ಕದಲ್ಲಿ 600 ಮೀಟರ್ ಏರಲು 12 ಕಿ.ಮೀ. ತುಳಿಯಬೇಕು, ಗಂಟೆಗೆ ಆರು ಕಿ.ಮೀ. ವೇಗ ಹಿಡಿದರೂ ಎರಡು ತಾಸು. ಗೇರ್ ಇಲ್ಲದ ಸೈಕಲ್ ಇದಕ್ಕೆ ಆಗದು. ಹಿಂದಿನ ಚಕ್ರದಲ್ಲಿ 32 ಅಥವಾ 34 ಹಲ್ಲಿನ ದೊಡ್ಡ ಗೇರ್ ಇರಲಿ. ಬ್ರೇಕ್ ವಿಷಯದಲ್ಲಿ ಇನ್ನೊಂದು ಲೆಕ್ಕ ಗೊತ್ತಿರಲಿ: ಸವಾರ, ಸೈಕಲ್ ಸೇರಿ 90 ಕೆ.ಜಿ. ಭಾರ 600 ಮೀಟರ್ ಕೆಳಗಿಳಿದಾಗ ಬಿಡುಗಡೆಯಾಗುವ ಶಕ್ತಿ, ಒಂದೂವರೆ ಲೀಟರ್ ತಣ್ಣೀರನ್ನು ಕುದಿಸಲು ಸಾಕು. ನಿಧಾನವಾಗಿ ಇಳಿದಷ್ಟೂ ಆ ಶಾಖದ ಹೆಚ್ಚಿನ ಪಾಲು ಬ್ರೇಕಿಗೇ ಬೀಳುತ್ತದೆ; ಸತತ ಒತ್ತಿ ಹಿಡಿದರೆ ಬ್ರೇಕ್ ಕಾದು ಹಿಡಿತ ಸಡಿಲುತ್ತದೆ. ವೇಗವಾಗಿ ಇಳಿಯೋಣವೆಂದರೆ ತಿರುವಿನಲ್ಲಿ ನಿಲ್ಲಿಸಲಾಗದು. ಹತ್ತುವವನ ತಪ್ಪು ಉಸಿರು ಕಟ್ಟಿಸಿ ಅಲ್ಲೇ ನಿಲ್ಲಿಸುತ್ತದೆ, ಇಳಿಯುವವನ ತಪ್ಪಿಗೆ ಎರಡನೇ ಅವಕಾಶ ಸಿಗುವುದು ಕಷ್ಟ. ಹೊರಡುವ ಮುನ್ನ ಬ್ರೇಕ್ ಪ್ಯಾಡ್, ಕೇಬಲ್ ಹೊಸದಾಗಿ ಹಾಕಿಸಿ. ಪಂಕ್ಚರ್ ಸಾಮಾನು, ಹಿಂದೆ ಮುಂದೆ ದೀಪ, ಹೆಲ್ಮೆಟ್ ಕಡ್ಡಾಯ.

ಮೂರನೇ ಹೆಜ್ಜೆ: ಕಾಲ ನೋಡಿ ಹೊರಡಿ

ಮಳೆಗಾಲದಲ್ಲಿ ನೋಡದಿದ್ದರೆ ಅಂಬೋಲಿಯಲ್ಲಿ ನೋಡುವುದೇನಿದೆ ಎಂದು ಕೇಳುವವರಿದ್ದಾರೆ. ಜಲಪಾತಗಳಿಗೆ ಅದು ಸುಗ್ಗಿ, ಒಪ್ಪೋಣ. ಆದರೆ ನಮ್ಮ ಊರಿನ ವಾರ್ಷಿಕ ಮಳೆಯ ಹತ್ತು ಪಟ್ಟಿಗೂ ಹೆಚ್ಚು ಸುರಿಯುವ ಜಾಗವದು; ಮಂಜಿನಲ್ಲಿ ಮುಂದಿನ ತಿರುವೇ ಕಾಣುವುದಿಲ್ಲ, ವಾರಾಂತ್ಯದಲ್ಲಿ ರಸ್ತೆಯ ತುಂಬ ವಾಹನ. ಮಳೆಗಾಲದ ಗುಡ್ಡ ಎಷ್ಟು ನಂಬಿಕಸ್ಥ ಎಂಬುದನ್ನು 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಕುಸಿದ ಗುಡ್ಡ ತೋರಿಸಿಕೊಟ್ಟಿದೆ. ಮುಂಗಾರಿನ ತಿಂಗಳುಗಳು ತಿಕೋಟಾ ಗಾಳಿಗಿರಲಿ. ಅಕ್ಟೋಬರ್ ಮಧ್ಯದಿಂದ ಡಿಸೆಂಬರ್‌ವರೆಗೆ ಹೊರಟರೆ ಹಸಿರು ಇನ್ನೂ ಉಳಿದಿರುತ್ತದೆ, ರಸ್ತೆ ಒಣಗಿರುತ್ತದೆ, ಕೊಂಕಣದ ಕಡೆಯ ನೋಟವೂ ತೆರೆದಿರುತ್ತದೆ.

ನಾಲ್ಕನೇ ಹೆಜ್ಜೆ: ಮೊದಲ ದಿನ ನಡಿಗೆ

ಅಂಬೋಲಿ ತಲುಪಿದ ದಿನ ಸೈಕಲ್ ವಸತಿಯಲ್ಲೇ ಇರಲಿ. ಹಿರಣ್ಯಕೇಶಿ ಗುಡಿಯವರೆಗೆ ನಡೆಯಿರಿ. ಗುಹೆಯೊಳಗಿಂದ ನೀರು ಹೊರಬಂದು ಗುಡಿಯ ಮುಂದಿನ ಕುಂಡ ತುಂಬುತ್ತದೆ. ಆ ನೀರಿನಲ್ಲಿ ಬದುಕುವ ಒಂದು ಪುಟ್ಟ ಮೀನಿನ ಜಾತಿಗೆ ನದಿಯ ಹೆಸರನ್ನೇ ಇಟ್ಟಿದ್ದಾರೆ. ಅದರ ರಕ್ಷಣೆಗಾಗಿ ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಈ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ಸೋಪು, ಶಾಂಪೂ ಹಿಡಿದು ನೀರಿಗಿಳಿಯಬೇಡಿ. ಮಹಾದೇವಗಡ ಅಥವಾ ಕಾವಳೆಸಾದ್ ಅಂಚಿನಲ್ಲಿ ನಿಂತರೆ ಪ್ರಸ್ಥಭೂಮಿ ಕಡಿದಂತೆ ಮುಗಿಯುವುದು ಕಾಣುತ್ತದೆ. ಮೇಲೆ ಕೆಂಪು ಜಂಬಿಟ್ಟಿಗೆ, ಅದರಡಿ ಪದರ ಪದರವಾಗಿ ಕಪ್ಪು ಶಿಲೆ. ಗೋಳಗುಮ್ಮಟ ಕಟ್ಟಿರುವುದೂ ಇದೇ ಬಗೆಯ ಕಲ್ಲಿನಿಂದ. ಮರುದಿನದ ರಸ್ತೆ ಎಂಥ ಗೋಡೆಯನ್ನು ಸುತ್ತಿ ಬರಬೇಕೆಂಬುದು ಇಲ್ಲಿ ನಿಂತಾಗಲೇ ಅರ್ಥವಾಗುವುದು. ಕಟಕಟೆ ದಾಟಬೇಡಿ, ಕೋತಿಗಳಿಗೆ ತಿನಿಸು ಹಾಕಬೇಡಿ.

ಐದನೇ ಹೆಜ್ಜೆ: ಎರಡನೇ ದಿನ ಏರು

ನಸುಕಿನಲ್ಲಿ ಸೈಕಲ್ಲನ್ನು ಟೆಂಪೊ ಅಥವಾ ಸರಕು ವಾಹನದಲ್ಲಿ ಹಾಕಿಸಿಕೊಂಡು ಸಾವಂತವಾಡಿ ರಸ್ತೆಯ ದಾಣೋಲಿಗೆ ಇಳಿಯಿರಿ. ಬಿಸಿಲೇರುವ ಮೊದಲೇ ತುಳಿಯಲು ಶುರು ಮಾಡಿ. ಎಡಬದಿಯಲ್ಲೇ ಇರಿ, ತಿರುವಿನ ಒಳಅಂಚು ಹೆಚ್ಚು ಕಡಿದು, ಅಲ್ಲಿ ಒಂದು ಗೇರ್ ಮೊದಲೇ ಇಳಿಸಿಕೊಳ್ಳಿ. ಮಾತಾಡುತ್ತಲೇ ತುಳಿಯುವಷ್ಟು ನಿಧಾನ ಸಾಕು. ಆಗದಾದರೆ ಇಳಿದು ತಳ್ಳಿ, ನಾಚಿಕೆ ಬೇಡ. ಇಕ್ಕಟ್ಟಾದ ಗುಡ್ಡದ ರಸ್ತೆಯಲ್ಲಿ ಇಳಿಯುವ ವಾಹನ ಏರುವ ವಾಹನಕ್ಕೆ ದಾರಿ ಬಿಡಬೇಕೆಂಬ ಸಂಚಾರ ನಿಯಮವೂ ಹತ್ತುವವರ ಪರವಾಗಿದೆ. ಇಷ್ಟೆಲ್ಲ ಯಾಕೆ, ಬೈಕಿನಲ್ಲಿ ಅರ್ಧ ತಾಸಿನ ಕೆಲಸ ಎನ್ನುವವರಿಗೂ ಕ್ರಮ ಇದೇ: ಮೊದಲು ಕೆಳಗಿನಿಂದ ಒಮ್ಮೆ ಏರಿ, ತಿರುವುಗಳನ್ನು ಗುರುತಿಟ್ಟುಕೊಳ್ಳಿ. ಇಳಿಯುವಾಗ ಬೈಕನ್ನು ಎರಡನೇ ಗೇರಿನಲ್ಲಿಟ್ಟು ಎಂಜಿನ್ನಿನಿಂದಲೇ ವೇಗ ತಡೆಯಿರಿ. ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಜಾರುವುದು ಎಲ್ಲಕ್ಕಿಂತ ಕೆಟ್ಟ ಚಾಳಿ.

ಟೆಂಪೊ ಬಾಡಿಗೆ ದಂಡ, ಮೇಲಿಂದ ನೇರ ಇಳಿದರೆ ಸಾಲದೆ ಎಂಬ ಪ್ರಶ್ನೆ ಉಳಿಯುತ್ತದೆ. ಇಳಿದವರೂ ಮರಳಿ ಊರಿಗೆ ಬರಲು ಆ ಘಾಟನ್ನು ಹೇಗೂ ಹತ್ತಲೇಬೇಕು, ಅದೂ ದಣಿದ ಕಾಲಿನಲ್ಲಿ, ಉರಿಬಿಸಿಲಿನಲ್ಲಿ. ನಸುಕಿನಲ್ಲಿ ಹತ್ತಿದವರಿಗೆ ರಸ್ತೆಯ ಗುಂಡಿ, ಜಲ್ಲಿ, ಕುರುಡು ತಿರುವು ಎಲ್ಲವೂ ಪರಿಚಿತ. ಒಮ್ಮೆ ಹತ್ತಿ ತಿಳಿದ ಮೇಲೆ ಬೇಕಿದ್ದರೆ ಇಳಿಯಿರಿ, ತಿಳಿಯದ ಘಾಟನ್ನು ಮಾತ್ರ ಎಂದೂ ಮೇಲಿನಿಂದ ಶುರು ಮಾಡಬೇಡಿ.