ಮಕ್ಕಳ ಮನಸ್ಸು: ವಂಶದಿಂದ ಬಂದದ್ದು, ಬದುಕಿನಿಂದ ಬಂದದ್ದು

ಚನ್ನರಾಯಪಟ್ಟಣ ಸೀಮೆಯ ತೆಂಗು ಬೆಳೆಗಾರರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ. ಮಳೆ ಕೈಕೊಟ್ಟ ವರ್ಷದಲ್ಲಿ ಮರದ ಮೇಲಿರುವ ಕಾಯಿ ಹೇಗೋ ಬಲಿಯುತ್ತದೆ. ಇಳುವರಿ ನಿಜವಾಗಿ ಕುಸಿಯುವುದು ಮುಂದಿನ ಎರಡು ಮೂರು ವರ್ಷಗಳಲ್ಲಿ. ಅರಳುವುದಕ್ಕೆ ಎರಡು ವರ್ಷಗಳಿಗೂ ಮೊದಲೇ ಹೊಂಬಾಳೆಯು ಮರದ ಸುಳಿಯೊಳಗೆ ಮೂಡಿರುವುದೇ ಇದಕ್ಕೆ ಕಾರಣ. ಹಾಗೆಯೇ ಒಂದೇ ಬರವನ್ನು ಕಂಡ ಮರಗಳೆಲ್ಲವೂ ಒಂದೇ ಸಮನಾಗಿ ಸೊರಗುವುದಿಲ್ಲ. ಮಕ್ಕಳ ಮನಸ್ಸಿನ ವಿಷಯದಲ್ಲಿಯೂ ಈ ಎರಡು ಮಾತುಗಳನ್ನು ನೆನಪಿಡಬೇಕು: ಪೆಟ್ಟು ತಡವಾಗಿ ಕಾಣಬಹುದು, ಮತ್ತು ಒಂದೇ ಪೆಟ್ಟು ಎಲ್ಲರಿಗೂ ಒಂದೇ ಆಗಿರುವುದಿಲ್ಲ.

ಚಿಕಿತ್ಸಾಲಯದಲ್ಲಿ ನಾವು ಆಗಾಗ ಕೇಳುವ ಪ್ರಶ್ನೆಗಳು ಎರಡು. ‘ಅಜ್ಜನಿಗೆ ಬುದ್ಧಿಭ್ರಮಣೆ ಇತ್ತು, ಈ ಕೂಸಿಗೂ ಬಂದೀತೇ?’ ಎಂಬುದು ಮೊದಲನೆಯದು. ಇದನ್ನು ದನಿ ತಗ್ಗಿಸಿ ಕೇಳುತ್ತಾರೆ. ‘ಚಿಕ್ಕ ಮಗು, ಬೇಗ ಮರೆಯುತ್ತದೆ ಅಲ್ಲವೇ?’ ಎಂಬುದು ಎರಡನೆಯದು. ಮೊದಲನೆಯದರಲ್ಲಿ ಅಗತ್ಯಕ್ಕಿಂತ ಹೆಚ್ಚು ಭಯವಿದೆ. ಎರಡನೆಯದರಲ್ಲಿ ಅಗತ್ಯಕ್ಕಿಂತ ಹೆಚ್ಚು ಧೈರ್ಯವಿದೆ.

ಬೀಜದ ವಿಚಾರ

ಚರಕಸಂಹಿತೆಯ ಶಾರೀರಸ್ಥಾನದ ಮೂರನೆಯ ಅಧ್ಯಾಯದಲ್ಲಿ ಭರದ್ವಾಜನು ಆತ್ರೇಯನ ಮುಂದೆ ಒಂದು ಸಂದೇಹವನ್ನು ಇಡುತ್ತಾನೆ. ಸಂತಾನವು ತಂದೆತಾಯಿಯರಿಂದ ಬರುವುದಾದರೆ ಅಂಧರ, ಕುಬ್ಜರ, ಮೂಕರ ಮಕ್ಕಳು ಅವರಂತೆಯೇ ಏಕೆ ಹುಟ್ಟುವುದಿಲ್ಲ? ಬೀಜದಲ್ಲಿ ಯಾವ ಅಂಗಕ್ಕೆ ಸಂಬಂಧಿಸಿದ ಭಾಗವು ಕೆಟ್ಟಿರುವುದೋ ಆ ಅಂಗದಲ್ಲಿ ವಿಕಾರ ಉಂಟಾಗುತ್ತದೆ, ಕೆಡದಿದ್ದರೆ ಉಂಟಾಗುವುದಿಲ್ಲ ಎಂಬುದು ಆತ್ರೇಯನ ಉತ್ತರದ ಸಾರ. ಅಂದರೆ ಪೋಷಕರ ರೋಗವೆಲ್ಲವೂ ಮಗುವಿನ ಹಣೆಬರಹವಲ್ಲ.

ಇಂದಿನ ವಿಜ್ಞಾನವೂ ಇದೇ ದಿಕ್ಕಿನಲ್ಲಿ ಮಾತನಾಡುತ್ತದೆ. ಸಾಮಾನ್ಯ ಜನರಲ್ಲಿ ಸುಮಾರು 100ಕ್ಕೆ ಒಬ್ಬರಿಗೆ ಸ್ಕಿಜೋಫ್ರೀನಿಯಾ ಎಂಬ ತೀವ್ರ ಮನೋರೋಗ ಬರುತ್ತದೆ. ತಂದೆ ಅಥವಾ ತಾಯಿಗೆ ಆ ರೋಗವಿದ್ದಾಗ ಮಕ್ಕಳಲ್ಲಿ ಅದು 100ಕ್ಕೆ ಸುಮಾರು 10ರಷ್ಟಾಗುತ್ತದೆ. ಅಪಾಯ ಹತ್ತು ಪಟ್ಟು ಹೆಚ್ಚಿತೆಂಬುದು ನಿಜ. ಉಳಿದ 90 ಮಕ್ಕಳಿಗೆ ಅದು ಬರುವುದಿಲ್ಲವೆಂಬುದೂ ಅಷ್ಟೇ ನಿಜ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ವಂಶವಾಹಿಗಳು ಒಂದೇ ಆಗಿದ್ದರೂ, ಒಬ್ಬರಿಗೆ ಈ ರೋಗ ಬಂದರೆ ಇನ್ನೊಬ್ಬರಿಗೆ ಬರುವುದು ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಮಾತ್ರ. ಖಿನ್ನತೆ, ಆತಂಕಗಳಲ್ಲಿ ವಂಶದ ಪಾಲು ಇನ್ನೂ ಕಡಿಮೆ. ಮನೋರೋಗಕ್ಕೆಂದು ಒಂದೇ ವಂಶವಾಹಿಯಿಲ್ಲ. ನೂರಾರು ವಂಶವಾಹಿಗಳ ಸಣ್ಣ ಸಣ್ಣ ಪಾಲು ಸೇರಿ ಒಂದು ಒಲವು ಉಂಟಾಗುತ್ತದೆ. ಆ ಒಲವು ರೋಗವಾಗುವುದೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ಬದುಕು ನಿರ್ಧರಿಸುತ್ತದೆ.

ಬದುಕಿನ ಏರುಪೇರು

ತಂದೆಯ ಅಕಾಲ ಮರಣ, ಸಾಲದ ಬಾಧೆ, ಮನೆಯಲ್ಲಿ ಕುಡಿತ ಮತ್ತು ಜಗಳ, ಬೆಂಗಳೂರಿಗೆ ವಲಸೆ, ವರ್ಷದ ನಡುವೆ ಶಾಲೆಯ ಬದಲಾವಣೆ, ಹತ್ತನೆಯ ವಯಸ್ಸಿನಲ್ಲಿ ಮನೆಬಿಟ್ಟು ವಿದ್ಯಾರ್ಥಿನಿಲಯ ಸೇರುವುದು: ಇವು ನಮ್ಮ ಭಾಗದ ಮಕ್ಕಳು ಎದುರಿಸುವ ಏರುಪೇರುಗಳು. ಕೊರೋನಾ ಕಾಲದಲ್ಲಿ ಇಡೀ ರಾಜ್ಯದ ಮಕ್ಕಳು ಇಂಥ ಒಂದು ಏರುಪೇರನ್ನು ಕಂಡರು. 2020ರ ಮಾರ್ಚಿಯಲ್ಲಿ ಮುಚ್ಚಿದ ಶಾಲೆಗಳು ಒಂದರಿಂದ ಐದನೆಯ ತರಗತಿಯವರಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಗೆಳೆಯರು, ಶಿಕ್ಷಕರು, ಆಟ, ಬಿಸಿಯೂಟ ಎಲ್ಲವೂ ಒಂದೂವರೆ ವರ್ಷ ತಪ್ಪಿದವು. ಅಂದು ಮೊದಲ ತರಗತಿಗೆ ಸೇರಬೇಕಿದ್ದ ಮಕ್ಕಳು ಈಗ ಹದಿಹರೆಯದಲ್ಲಿದ್ದಾರೆ.

ಒತ್ತಡವು ಅಲ್ಪಕಾಲದ್ದಾದರೆ, ಆಸರೆಗೆ ಹಿರಿಯರಿದ್ದರೆ, ಮಗು ಅದರಿಂದ ಬಲಗೊಳ್ಳಬಹುದು. ಒತ್ತಡ ತಿಂಗಳುಗಟ್ಟಲೆ ಮುಂದುವರಿದು ಆಸರೆ ಇಲ್ಲದಿದ್ದಾಗ ಕಾರ್ಟಿಸಾಲ್ ಮುಂತಾದ ಸ್ರಾವಗಳ ಏರಿಳಿತ ಕೆಡುತ್ತದೆ. ನಿದ್ರೆ, ನೆನಪು, ಏಕಾಗ್ರತೆ, ಸಿಟ್ಟಿನ ಮೇಲಿನ ಹಿಡಿತ ತಪ್ಪುತ್ತವೆ. ದೀರ್ಘ ಒತ್ತಡವು ವಂಶವಾಹಿಗಳನ್ನು ಬದಲಿಸದಿದ್ದರೂ ಅವು ಕೆಲಸ ಮಾಡುವ ರೀತಿಯನ್ನು ಬದಲಿಸಬಲ್ಲದೆಂದು ಸಂಶೋಧಕರು ಕಂಡುಕೊಂಡಿದ್ದಾರೆ. ವಂಶ ಮತ್ತು ಬದುಕು ಹೀಗೆ ಒಂದನ್ನೊಂದು ಮುಟ್ಟುತ್ತವೆ. ಇದನ್ನೇ ನಮ್ಮ ಮಕ್ಕಳಲ್ಲಿ ತಿಳಿಯಲು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ, ಮೈಸೂರೂ ಸೇರಿದಂತೆ ದೇಶದ ಏಳು ಕೇಂದ್ರಗಳಲ್ಲಿ, 6ರಿಂದ 23 ವರ್ಷದ ಸುಮಾರು 9,000 ಮಂದಿಯನ್ನು ಒಳಗೊಂಡ ‘ಸಿ-ವೇದ’ ಎಂಬ ಅಧ್ಯಯನ ನಡೆದಿದೆ.

ಭರವಸೆಯ ಮಾತೂ ಇದೆ. ರುಮೇನಿಯಾ ದೇಶದ ಅನಾಥಾಲಯಗಳಲ್ಲಿ ಮುದ್ದು ಮಾಡುವವರಿಲ್ಲದೆ ಬೆಳೆದ 136 ಮಕ್ಕಳ ಕುರಿತು ಒಂದು ಅಧ್ಯಯನ 2000ರ ಸುಮಾರಿಗೆ ಆರಂಭವಾಯಿತು. ಅವರಲ್ಲಿ ಕೆಲವರನ್ನು ಸಾಕುಮನೆಗಳಿಗೆ ಕಳುಹಿಸಲಾಯಿತು. ಎರಡು ವರ್ಷ ತುಂಬುವುದರೊಳಗೆ ಮನೆ ಸೇರಿದ ಮಕ್ಕಳು ಉಳಿದವರಿಗಿಂತ ಚೆನ್ನಾಗಿ ಚೇತರಿಸಿಕೊಂಡರು. ಮಗುವಿಗೆ ಬೇಕಾದದ್ದು ಬಿಟ್ಟುಹೋಗದ ಒಬ್ಬ ಹಿರಿಯ ಜೀವ, ಅದೂ ತಡಮಾಡದೆ.

ಗುರುತಿಸುವ ಬಗೆ

ಮಗು ‘ನನಗೆ ದುಃಖವಾಗಿದೆ’ ಎನ್ನುವುದಿಲ್ಲ. ಹೊಟ್ಟೆನೋವು ಎನ್ನುತ್ತದೆ, ತಲೆನೋವು ಎನ್ನುತ್ತದೆ. ಪೋಷಕರು ಜಂತುಹುಳುವಿನ ಔಷಧ ಕೇಳುತ್ತಾರೆ, ದೃಷ್ಟಿ ತೆಗೆಸುತ್ತಾರೆ, ಗಾಳಿ ಸೋಕಿತೆಂದು ತಾಯಿತ ಕಟ್ಟಿಸುತ್ತಾರೆ. ಮೊದಲು ದೇಹದ ಪರೀಕ್ಷೆ ಆಗಲೇಬೇಕು. ಅಲ್ಲಿ ದೋಷ ಕಾಣದೆ, ನಿಂತಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿದರೆ, ನಿದ್ರೆಯಲ್ಲಿ ಬೆಚ್ಚಿದರೆ, ಶಾಲೆಯ ಹೆಸರೆತ್ತಿದರೆ ಅತ್ತರೆ, ಆಟ ಬಿಟ್ಟು ಮೂಲೆ ಸೇರಿದರೆ, ಕಾರಣವಿಲ್ಲದೆ ಕೆರಳಿದರೆ, ಇವು ಎರಡು ವಾರ ಮೀರಿದರೆ ಮನಸ್ಸಿನ ಕಡೆ ನೋಡಬೇಕು. ಹದಿಹರೆಯದವರು ‘ನಾನಿದ್ದು ಏನು ಪ್ರಯೋಜನ’ ಎಂದರೆ ಅದನ್ನು ನಾಟಕವೆನ್ನದೆ ಕೂರಿಸಿ ಕೇಳಬೇಕು, ಅಂದೇ ವೈದ್ಯರಿಗೆ ತಿಳಿಸಬೇಕು. ಹೊಲಕ್ಕೆ ಹೊಡೆಯುವ ಕೀಟನಾಶಕದ ಡಬ್ಬಿಯನ್ನು ಯಾವ ಮನೆಯಲ್ಲಿಯೂ ಬೀಗವಿಲ್ಲದೆ ಇಡಬಾರದು.

ನಾವು ಮಾಡಬೇಕಾದದ್ದು

ಮೊದಲನೆಯದು ದಿನಚರ್ಯೆ. ಮನೆಯಲ್ಲಿ ಏನೇ ನಡೆದಿರಲಿ, ಮಗುವಿನ ಊಟ, ನಿದ್ರೆ, ಆಟದ ಹೊತ್ತು ತಪ್ಪಬಾರದು. ಮಲಗುವ ಮುನ್ನ ಅಂಗಾಲಿಗೆ ಬೆಚ್ಚನೆಯ ಎಳ್ಳೆಣ್ಣೆ ಸವರುವುದರಲ್ಲಿ ಎಣ್ಣೆಯಷ್ಟೇ ಕೈಯ ಸ್ಪರ್ಶವೂ ಕೆಲಸ ಮಾಡುತ್ತದೆ. ಒಂದೆಲಗದ ತಂಬುಳಿ, ತುಪ್ಪ, ಹಾಲು ಪೋಷಕ ಆಹಾರಗಳೇ ಹೊರತು ಚಿಕಿತ್ಸೆಗೆ ಬದಲಿಯಲ್ಲ.

ಎರಡನೆಯದು ಸತ್ಯ. ಸತ್ತ ತಂದೆಯನ್ನು ‘ಊರಿಗೆ ಹೋಗಿದ್ದಾರೆ’ ಎನ್ನಬಾರದು. ವಯಸ್ಸಿಗೆ ತಕ್ಕ ಮಾತಿನಲ್ಲಿ ನಿಜವನ್ನೇ ಹೇಳಬೇಕು. ವಿದ್ಯಾರ್ಥಿನಿಲಯಕ್ಕೆ ಬಿಡುವಾಗ ಮತ್ತೆ ಬರುವ ದಿನವನ್ನು ಹೇಳಿ, ಆ ದಿನ ತಪ್ಪದೆ ಹೋಗಬೇಕು.

ಮೂರನೆಯದು ವಂಶದ ಕಥೆಯನ್ನು ವೈದ್ಯರಿಂದ ಮುಚ್ಚಿಡದಿರುವುದು. ಮದುವೆ ಸಂಬಂಧ ಕೆಟ್ಟೀತೆಂಬ ಅಂಜಿಕೆಯಿಂದ ಅನೇಕರು ಅಜ್ಜಿಯ, ಚಿಕ್ಕಪ್ಪನ ಕಾಯಿಲೆಯನ್ನು ಹೇಳುವುದಿಲ್ಲ. ಅದು ತಿಳಿದರೆ ಮಗುವಿನ ಸಣ್ಣ ಲಕ್ಷಣವನ್ನೂ ವೈದ್ಯರು ಬೇಗ ಗಮನಿಸುತ್ತಾರೆ. ವಯಸ್ಕರ ಮನೋರೋಗಗಳಲ್ಲಿ ಅರ್ಧದಷ್ಟು 14 ವರ್ಷದೊಳಗೇ ಮೊಳೆಯುತ್ತವೆ. 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಕಂಡುಬಂದಿತ್ತು. ನಲವತ್ತು ಮಕ್ಕಳ ತರಗತಿಯಲ್ಲಿ ಇದು ಸುಮಾರು ಮೂವರು.

ಮನಸ್ಸನ್ನು ಅಹಿತದಿಂದ ಹಿಂದಕ್ಕೆ ತರುವ ಚಿಕಿತ್ಸೆಯನ್ನು ಚರಕನು ಸತ್ತ್ವಾವಜಯ ಎಂದು ಕರೆದಿದ್ದಾನೆ. ಇಂದಿನ ಆಪ್ತಸಮಾಲೋಚನೆ ಅದಕ್ಕೆ ಹತ್ತಿರವಾದದ್ದು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮನೋವೈದ್ಯರು ಮಾತ್ರೆ ಕೊಟ್ಟಿದ್ದರೆ ನಮ್ಮ ಕಷಾಯ ಸಿಕ್ಕಿತೆಂದು ಅದನ್ನು ನಿಲ್ಲಿಸಬಾರದು. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಮನೋವೈದ್ಯ ವಿಭಾಗವಿದೆ; ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ನಿಗದಿತ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯೂ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಭಕ್ತರು ಈ ಸಂಖ್ಯೆಯನ್ನು ಮನೆಯ ಪಂಚಾಂಗದ ಪಕ್ಕದಲ್ಲಿ ಬರೆದಿಡಲಿ.