ಅಪ್‌ಲೋಡ್ ತಂತ್ರಾಂಶದ ನಿರ್ಮಾಣ ಮತ್ತು ನವೀಕರಣ: ಒಡೆತನ, ಸುರಕ್ಷತೆ, ಲೆಕ್ಕಪತ್ರ

ಬಿಲ್ಲು, ಲಾರಿ ರಸೀದಿ, ಬ್ಯಾಂಕ್ ಪಾವತಿಯ ವಿವರ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಕಾಣಿಸಿಕೊಂಡ ದೋಷಸೂಚನೆ ಮೊದಲಾದವುಗಳನ್ನು ಕಂಪ್ಯೂಟರ್ ಪರದೆಯ ಚಿತ್ರವಾಗಿ, ಅಂದರೆ ಸ್ಕ್ರೀನ್‌ಶಾಟ್ ರೂಪದಲ್ಲಿ, ಶಾಖೆಯಿಂದ ಕೇಂದ್ರ ಕಚೇರಿಗೆ ಕಳುಹಿಸುವುದು ಇಂದು ವ್ಯಾಪಾರ ಸಂಸ್ಥೆಗಳಲ್ಲಿ ರೂಢಿಯಾಗಿದೆ. ಇದಕ್ಕೆಂದೇ ಸಣ್ಣದೊಂದು ಡೆಸ್ಕ್‌ಟಾಪ್ ತಂತ್ರಾಂಶವನ್ನು ಹೊರಗಿನ ಪ್ರೋಗ್ರಾಮರ್ ಒಬ್ಬರಿಂದ ಬರೆಯಿಸಿಕೊಳ್ಳುವುದೂ ಉಂಟು. ಮೊತ್ತ ಅಲ್ಪವೆಂಬ ಕಾರಣದಿಂದ ಕರಾರುಪತ್ರವಾಗಲಿ, ಲೆಕ್ಕದ ಶಿಸ್ತಾಗಲಿ ಇರುವುದಿಲ್ಲ. ಆದರೆ ಆ ತಂತ್ರಾಂಶದ ಮೂಲಕ ಹರಿಯುವುದು ಸಂಸ್ಥೆಯ ಹಣಕಾಸಿನ ಗುಟ್ಟು. ಆದ್ದರಿಂದ ಈ ವಿಷಯದ ಮುಖ್ಯಾಂಶಗಳನ್ನು ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

1. ಕಾರ್ಯವಿಧಾನ

ಇಂತಹ ತಂತ್ರಾಂಶವು ಮೂರು ಕೆಲಸಗಳನ್ನು ಮಾಡುತ್ತದೆ. ನಿಗದಿತ ಕೀಲಿಯನ್ನು ಒತ್ತಿದೊಡನೆ ಪರದೆಯ ಆಯ್ದ ಭಾಗವನ್ನು ಚಿತ್ರವಾಗಿ ಸೆರೆಹಿಡಿಯುತ್ತದೆ; ಅದನ್ನು ಅಂತರ್ಜಾಲದ ಮೂಲಕ ಸರ್ವರ್‌ಗೆ ಏರಿಸುತ್ತದೆ; ಅಲ್ಲಿಂದ ದೊರೆತ ಕೊಂಡಿಯನ್ನು ಬಳಕೆದಾರನಿಗೆ ಒಪ್ಪಿಸುತ್ತದೆ. ಅಕ್ಷರ ಮತ್ತು ಅಂಕಿಗಳು ತುಂಬಿದ ಪರದೆಗೆ ಪಿಎನ್‌ಜಿ ಮಾದರಿ ಸೂಕ್ತ. ಜೆಪೆಗ್ ಮಾದರಿಯಲ್ಲಿ ಗಾತ್ರ ಕುಗ್ಗಿಸುವಾಗ ಅಂಕಿಗಳ ಅಂಚು ಮಸುಕಾಗುವ ಸಂಭವವಿದೆ.

ಅಪಾಯವಿರುವುದು ಕೊಂಡಿಯಲ್ಲಿ. ಕೊಂಡಿಗಳಿಗೆ ಕ್ರಮಸಂಖ್ಯೆಯನ್ನು ನೀಡಿದರೆ, ಒಂದನ್ನು ಬಲ್ಲವನು ಮುಂದಿನ ಸಂಖ್ಯೆಯನ್ನು ಹಾಕಿ ಬೇರೊಬ್ಬರ ಬ್ಯಾಂಕ್ ವಿವರವನ್ನು ನೋಡಬಹುದು. ಆದುದರಿಂದ ಕೊಂಡಿಯು ಊಹಿಸಲಾಗದಷ್ಟು ಉದ್ದವಾಗಿರಬೇಕು, ನಿರ್ದಿಷ್ಟ ಅವಧಿಯ ನಂತರ ರದ್ದಾಗಬೇಕು, ಮುಖ್ಯ ಕಡತಗಳಿಗೆ ಪ್ರವೇಶಪದವೂ ಇರಬೇಕು. ಸರ್ವರ್‌ನ ರಹಸ್ಯ ಕೀಲಿಯನ್ನು ತಂತ್ರಾಂಶದೊಳಗೇ ಹುದುಗಿಸುವುದು ತಪ್ಪು ಪದ್ಧತಿ. ಬಳಕೆದಾರನ ಕಂಪ್ಯೂಟರಿನಲ್ಲಿರುವ ಪ್ರೋಗ್ರಾಮ್‌ನಿಂದ ಅದನ್ನು ಹೊರತೆಗೆಯುವುದು ತಜ್ಞರಿಗೆ ಕಷ್ಟವಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಗ್ರಾಹಕರ ಹಾಗೂ ನೌಕರರ ಮಾಹಿತಿಯನ್ನು ಕಾಪಾಡುವ ಹೊಣೆಯನ್ನು ಸಂಸ್ಥೆಯ ಮೇಲೆಯೇ ಹೊರಿಸಿದೆ. ಸುರಕ್ಷತಾ ಕ್ರಮದಲ್ಲಿ ಲೋಪವಾದರೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿದೆ. ಮಾಹಿತಿ ಸೋರಿಕೆಯಂತಹ ಘಟನೆಗಳನ್ನು 6 ಗಂಟೆಗಳೊಳಗೆ ವರದಿ ಮಾಡಬೇಕೆಂದು ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿತು.

2. ಬರೆಯಿಸಬೇಕೆ, ಇರುವುದನ್ನು ಬಳಸಬೇಕೆ?

ವಿಂಡೋಸ್‌ನಲ್ಲಿ ಬಳಸಬಹುದಾದ ಶೇರ್‌ಎಕ್ಸ್, ಗ್ರೀನ್‌ಶಾಟ್ ಮುಂತಾದವು ಜಿಪಿಎಲ್ ಪರವಾನಗಿಯಡಿ ಬಿಡುಗಡೆಯಾಗಿರುವ ಮುಕ್ತ ತಂತ್ರಾಂಶಗಳು. ಶೇರ್‌ಎಕ್ಸ್‌ನಲ್ಲಿ ಸ್ವಂತ ಸರ್ವರ್‌ಗೆ ಕಡತವನ್ನು ಕಳುಹಿಸುವ ವ್ಯವಸ್ಥೆಯೂ ಇದೆ. ಇಂತಹವುಗಳಿಂದ ಕೆಲಸ ಸಾಗುವುದಾದರೆ ಹೊಸದಾಗಿ ಬರೆಯಿಸುವ ಅಗತ್ಯವಿಲ್ಲ. ಇವುಗಳನ್ನು ಮಾರ್ಪಡಿಸಿ ಸಂಸ್ಥೆಯೊಳಗೆ ಮಾತ್ರ ಬಳಸಿದರೆ ಮೂಲ ಸಂಕೇತವನ್ನು ಬಹಿರಂಗಪಡಿಸಬೇಕಾಗಿಲ್ಲ; ಹೊರಗಿನವರಿಗೆ ಹಂಚಿದರೆ ಅಥವಾ ಮಾರಿದರೆ ಅವರಿಗೆ ಮೂಲ ಸಂಕೇತವನ್ನೂ ಒದಗಿಸತಕ್ಕದ್ದು.

3. ಒಡೆತನ

1957ರ ಹಕ್ಕುಸ್ವಾಮ್ಯ ಅಧಿನಿಯಮದ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಮ್ ಒಂದು ಸಾಹಿತ್ಯ ಕೃತಿ. ನೌಕರನು ಕೆಲಸದ ಭಾಗವಾಗಿ ಬರೆದ ಕೃತಿಗೆ, ಬೇರೆ ಕರಾರು ಇಲ್ಲದಿದ್ದರೆ, ಮಾಲೀಕನೇ ಮೊದಲ ಒಡೆಯ. ಸಂಬಳದ ನೌಕರನಲ್ಲದ ಹೊರಗಿನ ಪ್ರೋಗ್ರಾಮರ್ ಬರೆದರೆ ಈ ನಿಯಮ ಅನ್ವಯಿಸದು. ಶುಲ್ಕವನ್ನು ಪೂರ್ತಿಯಾಗಿ ಪಾವತಿಸಿದ ಮಾತ್ರಕ್ಕೆ ಹಕ್ಕು ವರ್ಗವಾಗುವುದಿಲ್ಲ. ಹಸ್ತಾಂತರವು ಬರವಣಿಗೆಯಲ್ಲಿದ್ದು, ಹಕ್ಕನ್ನು ನೀಡುವವರ ಸಹಿ ಇರಬೇಕು.

ಅದರಲ್ಲಿಯೂ ಮೂರು ಅಂಶಗಳು ಗಮನಾರ್ಹ. ಅವಧಿಯನ್ನು ನಮೂದಿಸದಿದ್ದರೆ ಹಸ್ತಾಂತರವು 5 ವರ್ಷಗಳಿಗೆ ಮಾತ್ರ ಎಂದು ಭಾವಿಸಲಾಗುತ್ತದೆ. ಪ್ರದೇಶವನ್ನು ನಮೂದಿಸದಿದ್ದರೆ ಅದು ಭಾರತಕ್ಕಷ್ಟೇ ಸೀಮಿತ. ಬೇರೆ ರೀತಿ ಹೇಳದಿದ್ದಲ್ಲಿ, ಒಂದು ವರ್ಷದೊಳಗೆ ಚಲಾಯಿಸದ ಹಕ್ಕು ರದ್ದಾಗುತ್ತದೆ. ಹೀಗಾಗಿ ಕರಾರಿನಲ್ಲಿ ಅವಧಿ, ಪ್ರದೇಶ, ಮಾರ್ಪಡಿಸುವ ಹಕ್ಕು ಮತ್ತು ಮೂಲ ಸಂಕೇತದ ಒಪ್ಪಿಸುವಿಕೆ ಇವೆಲ್ಲವೂ ಸ್ಪಷ್ಟವಾಗಿರತಕ್ಕದ್ದು. ಮೂಲ ಸಂಕೇತ ಕೈಯಲ್ಲಿಲ್ಲದ ಸಂಸ್ಥೆಯು, ಪ್ರೋಗ್ರಾಮರ್ ಊರು ಬಿಟ್ಟ ದಿನ, ಸಣ್ಣ ದೋಷವನ್ನೂ ಸರಿಪಡಿಸಲಾಗದೆ ಕೈಕಟ್ಟಿ ಕೂರಬೇಕಾಗುತ್ತದೆ.

4. ನವೀಕರಣ

ತಂತ್ರಾಂಶವು ತಾನೇ ಸವೆಯದಿದ್ದರೂ ಅದರ ಸುತ್ತಲಿನ ವ್ಯವಸ್ಥೆ ಬದಲಾಗುತ್ತದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಕ್ತಾಯವಾದುದು ಇದಕ್ಕೆ ನಿದರ್ಶನ. ಹಾಗೆಯೇ ಸರ್ವರ್ ಸೇವೆಯ ನಿಯಮಗಳು ಬದಲಾದಾಗಲೂ ಅಪ್‌ಲೋಡ್ ನಿಲ್ಲಬಹುದು.

ಪ್ರತಿ ಆವೃತ್ತಿಗೂ ಸಂಖ್ಯೆ, ದಿನಾಂಕ ಹಾಗೂ ಬದಲಾವಣೆಯ ಟಿಪ್ಪಣಿ ಇರಲಿ. ಹೊಸ ಆವೃತ್ತಿಯನ್ನು ಸುರಕ್ಷಿತ ಸಂಪರ್ಕದ ಮೂಲಕವೇ ಹಂಚಬೇಕು. ಡಿಜಿಟಲ್ ಸಹಿ ಇಲ್ಲದ ಪ್ರೋಗ್ರಾಮ್‌ಗಳಿಗೆ ವಿಂಡೋಸ್ ಎಚ್ಚರಿಕೆ ನೀಡುವುದುಂಟು. ನೌಕರರು ಅದನ್ನು ಕಡೆಗಣಿಸುವ ಅಭ್ಯಾಸ ಬೆಳೆಸಿಕೊಂಡರೆ, ಮುಂದೊಂದು ದಿನ ನಕಲಿ ಪ್ರೋಗ್ರಾಮ್‌ಗೂ ಅದೇ ದಾರಿ ತೆರೆದಂತಾಗುತ್ತದೆ. ಮೊದಲು ಒಂದೆರಡು ಕಂಪ್ಯೂಟರ್‌ಗಳಲ್ಲಿ ಪರೀಕ್ಷಿಸಿ ಅನಂತರ ಎಲ್ಲ ಶಾಖೆಗಳಿಗೆ ನೀಡುವುದು ಲೇಸು. ಹಿಂದಿನ ಆವೃತ್ತಿಗೆ ಮರಳುವ ಅವಕಾಶವನ್ನೂ ಉಳಿಸಿಕೊಳ್ಳಬೇಕು.

5. ಲೆಕ್ಕಪತ್ರದಲ್ಲಿ ನಿರೂಪಣೆ

ಅಮೂರ್ತ ಆಸ್ತಿಗಳ ಕುರಿತಾದ ಲೆಕ್ಕಪತ್ರ ಮಾನದಂಡ 26 ಇಲ್ಲಿ ಅನ್ವಯಿಸುತ್ತದೆ. ಅದರಂತೆ ಪ್ರಾಥಮಿಕ ಹಂತದ ವೆಚ್ಚವನ್ನು ಆಯಾ ವರ್ಷದ ಲಾಭ-ನಷ್ಟ ಖಾತೆಗೇ ಹಾಕಬೇಕು. ಅಭಿವೃದ್ಧಿ ಹಂತದ ವೆಚ್ಚವನ್ನು ಮಾತ್ರ, ತಾಂತ್ರಿಕ ಸಾಧ್ಯತೆ, ಪೂರ್ಣಗೊಳಿಸುವ ಉದ್ದೇಶ, ಮುಂದಿನ ಪ್ರಯೋಜನ, ವೆಚ್ಚದ ನಂಬಲರ್ಹ ಅಳತೆ ಮುಂತಾದ ಷರತ್ತುಗಳು ಪೂರೈಸಿದಲ್ಲಿ, ಆಸ್ತಿಯಾಗಿ ತೋರಿಸಬಹುದು. ಒಮ್ಮೆ ಖರ್ಚೆಂದು ಬರೆದುದನ್ನು ಮುಂದಿನ ವರ್ಷ ಆಸ್ತಿಯಾಗಿ ಪರಿವರ್ತಿಸುವಂತಿಲ್ಲ.

ಉದಾಹರಣೆ: ಜಿಎಸ್‌ಟಿ ಹೊರತುಪಡಿಸಿ, ಪೂರ್ವಭಾವಿ ಅಧ್ಯಯನಕ್ಕೆ 30,000, ಬರವಣಿಗೆ ಮತ್ತು ಪರೀಕ್ಷೆಗೆ 2,40,000, ಸಿಬ್ಬಂದಿ ತರಬೇತಿಗೆ 15,000 ರೂಪಾಯಿ ವೆಚ್ಚವಾಯಿತೆಂದು ಭಾವಿಸೋಣ. ಆಸ್ತಿಯ ಮೌಲ್ಯ 2,40,000 ಮಾತ್ರ. ಉಳಿದ 45,000 ಖರ್ಚು. ತಂತ್ರಾಂಶದ ಬಾಳಿಕೆ 3ರಿಂದ 5 ವರ್ಷಗಳಷ್ಟೆಂದು ಮಾನದಂಡದ ಅನುಬಂಧ ಸೂಚಿಸುತ್ತದೆ. 4 ವರ್ಷವೆಂದು ತೆಗೆದುಕೊಂಡರೆ ವಾರ್ಷಿಕ ಹಂಚಿಕೆ 60,000. ಅಕ್ಟೋಬರ್ 1ರಂದು ಬಳಕೆಗೆ ಸಿದ್ಧವಾದಲ್ಲಿ ಮೊದಲ ವರ್ಷಕ್ಕೆ 30,000.

ಎರಡನೆಯ ವರ್ಷ ಹೊಸ ವಿಂಡೋಸ್‌ಗೆ ಹೊಂದಿಸಲು 20,000 ವೆಚ್ಚವಾದರೆ ಅದು ದುರಸ್ತಿಯ ಸ್ವರೂಪದ್ದು; ಖರ್ಚೆಂದೇ ಪರಿಗಣಿಸಬೇಕು. ಮೂರನೆಯ ವರ್ಷ ಬಿಲ್ಲಿನ ಚಿತ್ರದಿಂದ ಮೊತ್ತವನ್ನು ತಾನೇ ಓದಿ ದಾಖಲಿಸುವ ಹೊಸ ಸೌಲಭ್ಯಕ್ಕೆ 80,000 ತಗುಲಿದರೆ, ಮೂಲ ಸಾಮರ್ಥ್ಯಕ್ಕಿಂತ ಹೆಚ್ಚಿನ ಪ್ರಯೋಜನ ದೊರೆಯುವ ಸಂಭವವಿದ್ದು ಅದನ್ನು ನಂಬಲರ್ಹವಾಗಿ ಅಳೆಯಬಹುದಾದಲ್ಲಿ ಆಸ್ತಿಗೆ ಸೇರಿಸಲು ಅಡ್ಡಿಯಿಲ್ಲ. ಎರಡೂ ಕೆಲಸಗಳಿಗೆ ಒಂದೇ ಬಿಲ್ಲು ಪಡೆದರೆ ಈ ವಿಂಗಡಣೆಗೆ ಆಧಾರವೇ ಉಳಿಯದು. ಪ್ರತ್ಯೇಕ ಬಿಲ್ಲು ಕೇಳುವುದು ಜಾಣತನ.

ಆದಾಯ ತೆರಿಗೆಯ ಲೆಕ್ಕ ಬೇರೆ. ಕಂಪ್ಯೂಟರ್ ತಂತ್ರಾಂಶದ ಸವಕಳಿ ದರವನ್ನು 2017ರ ಏಪ್ರಿಲ್ 1ರಿಂದ ಶೇ. 60ರಿಂದ 40ಕ್ಕೆ ಇಳಿಸಲಾಯಿತು. ಮೊದಲ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅರ್ಧ ದರ ಮಾತ್ರ. ಆದುದರಿಂದ ತಂತ್ರಾಂಶವು ಬಳಕೆಗೆ ಬಂದ ದಿನಾಂಕಕ್ಕೆ ಲಿಖಿತ ಆಧಾರವಿರಬೇಕು.

6. ಪಾಲಿಸತಕ್ಕ ಕ್ರಮಗಳು

ಅ) ಕೆಲಸ ಆರಂಭಕ್ಕೆ ಮೊದಲೇ ಹಕ್ಕು ಹಸ್ತಾಂತರದ ಕರಾರಿಗೆ ಸಹಿ ಪಡೆಯಿರಿ.
ಆ) ಕೊನೆಯ ಕಂತಿನ ಪಾವತಿಗೆ ಮುನ್ನ ಮೂಲ ಸಂಕೇತ, ಸರ್ವರ್ ಖಾತೆ ಮತ್ತು ಪ್ರವೇಶಪದಗಳನ್ನು ಸಂಸ್ಥೆಯ ವಶಕ್ಕೆ ತೆಗೆದುಕೊಳ್ಳಿರಿ.
ಇ) ನೌಕರರು ಕೆಲಸ ಬಿಟ್ಟ ದಿನವೇ ಅವರ ಪ್ರವೇಶವನ್ನು ರದ್ದುಪಡಿಸಿರಿ.
ಈ) ಅಗತ್ಯ ತೀರಿದ ಚಿತ್ರಗಳನ್ನು ಅಳಿಸಿರಿ, ಲೆಕ್ಕಕ್ಕೆ ಆಧಾರವಾದವುಗಳನ್ನು ಶಾಸನಬದ್ಧ ಅವಧಿಯವರೆಗೆ ಪ್ರತ್ಯೇಕವಾಗಿ ಕಾಪಾಡಿರಿ.
ಉ) ನಿರ್ಮಾಣ, ದುರಸ್ತಿ, ಹೊಸ ಸೌಲಭ್ಯ ಇವುಗಳಿಗೆ ಪ್ರತ್ಯೇಕ ಖಾತೆಗಳನ್ನು ತೆರೆಯಿರಿ.

ಈ ಐದು ಕ್ರಮಗಳಿಗೆ ಹೆಚ್ಚಿನ ಹಣ ಬೇಕಿಲ್ಲ. ಆರಂಭದಲ್ಲಿಯೇ ಕೈಗೊಳ್ಳುವ ಎಚ್ಚರ ಸಾಕು.